ಹೊಗೆ ಏಳುವ ಹೊತ್ತು

ಹೊಳೆಯ ಈಚೆ ದಂಡೆಯಲ್ಲಿ ನಮ್ಮ ನಾಡು, ಆಚೆ ದಂಡೆಯಲ್ಲಿ ಅವರ ನಾಡು. ನಾಡು ಎಂಬುದು ಈಗ ದೊಡ್ಡ ಮಾತು. ಯುದ್ಧ ನಿಲ್ಲುವ ಹೊತ್ತಿಗೆ ಎರಡೂ ಕಡೆ ಒಂದೊಂದು ಊರು ಉಳಿದಿತ್ತು, ಹೆಸರು ಮಾತ್ರ ನಾಡಿನದೇ ಇತ್ತು. ಯುದ್ಧ ನಿಜವಾಗಿ ಮುಗಿಯಿತೋ ಇಲ್ಲವೋ ಎಂಬುದೂ ನಮಗೆ ಸರಿಯಾಗಿ ಗೊತ್ತಿಲ್ಲ. ಹೊಡೆದಾಡುತ್ತಿದ್ದವರು ಸುಸ್ತಾಗಿ ಕುಳಿತರು, ಅಷ್ಟೆ. ಎಬ್ಬಿಸಿದರೆ ಮತ್ತೆ ಶುರುಮಾಡಿಯಾರು ಎಂದು ಯಾರೂ ಅವರನ್ನು ಎಬ್ಬಿಸಲಿಲ್ಲ.

ಯುದ್ಧ ನಡೆಯುತ್ತಿದ್ದಾಗಿನಿಂದಲೂ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ದಿನವೂ ಗೋಧೂಳಿಯ ಹೊತ್ತಿಗೆ ಪ್ರತಿ ಮನೆಯ ಒಲೆಯಿಂದಲೂ ಹೊಗೆ ಏಳಬೇಕು. ಗೋಧೂಳಿ ಎನ್ನುವುದು ಬಾಯಿಯ ಅಭ್ಯಾಸ; ಗೋವುಗಳು ಎಂದೋ ಹೋಗಿದ್ದವು, ಧೂಳು ಉಳಿದಿತ್ತು. ಒಲೆಯ ಮೇಲೆ ಮಡಕೆ ಇರಲೇಬೇಕೆಂದಿಲ್ಲ. ಮಡಕೆಯಲ್ಲಿ ಕಾಳು ಇರಬೇಕೆಂದಂತೂ ಇಲ್ಲವೇ ಇಲ್ಲ. ಹೊಗೆ ಇರಬೇಕು. ಆಚೆ ದಂಡೆಯವರು ನೋಡುತ್ತಿರುತ್ತಾರೆ, ಅವರ ಕಣ್ಣಿಗೆ ನಾವು ಉಣ್ಣುವವರಾಗಿ ಕಾಣಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ನಮಗೆ ಮಲ್ಲಿಗೆಯೂ ಇರಲಿಲ್ಲ. ಹೊಗೆಯನ್ನೇ ಮುಡಿದುಕೊಂಡೆವು.

ಊರ ದಿಬ್ಬದ ಮೇಲೆ ಹೊಗೆ ನೋಡುವವನು ನಿಲ್ಲುತ್ತಿದ್ದ. ಮೊದಲು ನಮ್ಮ ಸೂರುಗಳತ್ತ ನೋಡುತ್ತಿದ್ದ. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ಆಚೆಯ ಸೂರುಗಳತ್ತ ನೋಡುತ್ತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೂಗುತ್ತಿದ್ದ:

“ಅಲ್ಲಿ ಕಡಿಮೆ!”

ನಾವು ನಮ್ಮ ನಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆವು:

“ನಾವೇ ವಾಸಿ.”

ಹೇಳಿ ನೀರು ಕುಡಿದು ಮಲಗುತ್ತಿದ್ದೆವು. “ಅಲ್ಲಿ ಹೆಚ್ಚು” ಎಂದು ಅವನು ಕೂಗಿದ್ದನ್ನು ನಮ್ಮಲ್ಲಿ ಯಾರೂ ಕೇಳಿಲ್ಲ. ಗಾಳಿ ಎದ್ದು ಎರಡು ಊರಿನ ಹೊಗೆಯೂ ಹೊಳೆಯ ನಡುವೆ ಕಲೆತುಹೋದ ದಿನವೂ ಅಲ್ಲಿ ಕಡಿಮೆಯೇ ಇತ್ತು, ನಾವೇ ವಾಸಿಯಾಗಿದ್ದೆವು.

ಮೊದಲು ಕಟ್ಟಿಗೆ ಸುಟ್ಟೆವು. ಕಟ್ಟಿಗೆ ತೀರಿದ ಮೇಲೆ ಬೇಲಿ. ಬೇಲಿ ತೀರಿದ ಮೇಲೆ ನೇಗಿಲು, ನೊಗ, ಗಾಡಿಯ ಗಾಲಿ. ಉಳುವುದಕ್ಕೆ ಬಿತ್ತನೆಯ ಕಾಳಿಲ್ಲ, ನೇಗಿಲು ಇಟ್ಟುಕೊಂಡು ಏನು ಮಾಡುವುದು ಎಂದು ಒಬ್ಬರು ಅಂದರು, ಹೌದಲ್ಲ ಎಂದು ಎಲ್ಲರೂ ಅಂದರು. ಆಮೇಲೆ ಶಾಲೆಯ ಹಲಗೆಗಳು. ಆಮೇಲೆ ಹೊಳೆಯ ಮೇಲಿನ ಮರದ ಸೇತುವೆ. ಈಚೆಯ ಅರ್ಧವನ್ನು ನಾವು ಸುಟ್ಟೆವು, ಆಚೆಯ ಅರ್ಧವನ್ನು ಅವರು ಸುಟ್ಟರು, ನಡುವಿನ ಕಲ್ಲಿನ ಕಂಬವೊಂದು ನೀರಿನಲ್ಲಿ ನಿಂತುಕೊಂಡಿತು. ಕೊನೆಗೆ ಮನೆಗಳ ಬಾಗಿಲುಗಳು. ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಕೂಡ ನಾವು ಅದೇ ಮಾತು ಹೇಳಿದೆವು.

ಒಂದು ಮನೆಯಲ್ಲಿ ಹೊಗೆ ಏಳದಿದ್ದರೆ ಏನಾಗುತ್ತಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೊಗೆ ನೋಡುವವನು ಬಂದು ಆ ಮನೆಯ ಹೊಸ್ತಿಲಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ. ಅಲ್ಲಿಂದ ಮುಂದೆ ಅದು ಆಚೆ ದಂಡೆಯವರ ಮನೆ. ಅವರಿಗೆ ಊರ ಬಾವಿಯ ನೀರಿಲ್ಲ, ಊರವರ ಮಾತಿಲ್ಲ. ಗೆರೆ ಬಿದ್ದ ಮನೆಗಳು ಬೇಗ ಖಾಲಿಯಾಗುತ್ತಿದ್ದವು. ಖಾಲಿಯಾದ ಮನೆಯ ತೊಲೆಗಳನ್ನು ಪಕ್ಕದವರು ಸುಡುತ್ತಿದ್ದರು.

ವರ್ಷಕ್ಕೊಮ್ಮೆ ದೂರದೇಶದಿಂದ ಅಳೆಯುವವರು ಬರುತ್ತಿದ್ದರು. ಹೊಳೆಯ ನಡುವಿನ ಕಲ್ಲುಕಂಬದ ಮೇಲೆ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಒಮ್ಮೆ ಈಚೆ, ಒಮ್ಮೆ ಆಚೆ ನೋಡುತ್ತಿದ್ದರು. ಹೊಗೆ ಇದ್ದಲ್ಲಿ ಒಲೆ, ಒಲೆ ಇದ್ದಲ್ಲಿ ಅಡುಗೆ, ಅಡುಗೆ ಇದ್ದಲ್ಲಿ ಅಭಿವೃದ್ಧಿ. ಅವರ ವಿದ್ಯೆ ಅಷ್ಟು ಸರಳ. ನಮಗೆ “ಅವರಿಗಿಂತ ನೀವು ಮೇಲು” ಎಂದರು. ಆಚೆಯವರಿಗೆ ಏನು ಹೇಳಿದರೋ ನಮಗೆ ಗೊತ್ತಿರಲಿಲ್ಲ. ಕಂಬದ ಮೇಲೆಯೇ ಕುಳಿತು ತಾವು ತಂದ ಬುತ್ತಿ ಬಿಚ್ಚಿ ಉಂಡು ಹೋದರು. ಎರಡೂ ದಂಡೆಯವರು ನಿಂತು ಅದನ್ನು ನೋಡಿದೆವು.

ನಮ್ಮ ಹೊಗೆ ಸುಳ್ಳೆಂದು ನಮಗೆ ಗೊತ್ತಿತ್ತು. ಇನ್ನೊಬ್ಬರು ಬಂದು ಹೇಳಬೇಕಾಗಿರಲಿಲ್ಲ. ಆದರೆ ಅವರ ಹೊಗೆಯೂ ಸುಳ್ಳಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಾಯಲ್ಲಿ ನಾವೇ ವಾಸಿ ಎನ್ನುತ್ತಿದ್ದೆವು, ಮಲಗಿದ ಮೇಲೆ ಮಗ್ಗುಲು ಬದಲಿಸುತ್ತ ಆಚೆ ದಂಡೆಯ ಮಡಕೆಗಳಲ್ಲಿ ಏನು ಬೇಯುತ್ತಿರಬಹುದೆಂದು ಯೋಚಿಸುತ್ತಿದ್ದೆವು. ದೂರದ ಬೆಟ್ಟ ನುಣ್ಣಗೆ ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ.

ನಮ್ಮೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳ ಮನೆಯಲ್ಲಿ ಒಂದು ತೊಟ್ಟಿಲಿತ್ತು. ಊರಿಗೆಲ್ಲ ಅದೊಂದೇ. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಸೂಲಗಿತ್ತಿ ಆ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಆ ಮನೆಗೆ ಮುಟ್ಟಿಸುತ್ತಿದ್ದಳು, ಕೂಸು ತೆವಳಲು ಕಲಿತ ಮೇಲೆ ಹೊತ್ತು ತರುತ್ತಿದ್ದಳು. ನಮ್ಮಲ್ಲಿ ಅದರಲ್ಲಿ ಮಲಗದವರು ಯಾರೂ ಇಲ್ಲ. ಅದರ ಅಂಚಿನಲ್ಲಿ ಸಾಲಾಗಿ ಮರದ ಗಿಳಿಗಳಿದ್ದವು. ಗಿಳಿಗಳ ಅರಗಿನ ಬಣ್ಣವನ್ನು ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ನೆಕ್ಕಿ ನೆಕ್ಕಿ ಅಳಿಸಿದ್ದೆವು. ಕೊಕ್ಕುಗಳ ಮೇಲೆ ಹಾಲುಹಲ್ಲಿನ ಗುರುತುಗಳಿದ್ದವು.

ಯುದ್ಧದಲ್ಲಿ ಸುಸ್ತಾಗಿ ಕುಳಿತವರ ನಡುವೆ ಅವಳ ಮಗ ಇರಲಿಲ್ಲ. ಸೊಸೆ ಇದ್ದಳು, ಸೊಸೆಯ ಹೊಟ್ಟೆಯಲ್ಲಿ ಕೂಸಿತ್ತು. ಆ ಕೂಸು ಈಗ ಹುಟ್ಟಿ ತೊಟ್ಟಿಲಲ್ಲಿ ಮಲಗಿತ್ತು. ಬಾಣಂತಿಗೆ ಹಾಲು ಬಂದಿರಲಿಲ್ಲ. ಬರಿ ನೀರು ಕುಡಿದವಳಿಗೆ ಹಾಲು ಎಲ್ಲಿಂದ ಬರಬೇಕು? ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಊರಿನ ಎಷ್ಟೋ ಕೂಸುಗಳನ್ನು ಹಿಡಿದ ಕೈ ಅವಳದು. ಅಳು ಹೀಗೆ ಸಣ್ಣದಾಗುತ್ತಾ ಹೋದರೆ ಕೊನೆಗೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಮಡಕೆ ಅಂಬಲಿ ಬೇಕಾಗಿತ್ತು. ಅಷ್ಟೇ ಬೇಕಾಗಿದ್ದದ್ದು.

ಸುಡುವುದಕ್ಕೂ ಅವಳ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಒನಕೆ ಹೋಗಿತ್ತು, ಮಣೆ ಹೋಗಿತ್ತು, ಮಗನ ಮಂಚ ಹೋಗಿತ್ತು. ಬಾಗಿಲ ಚೌಕಟ್ಟಿನ ಕೊನೆಯ ತುಂಡು ಒಲೆಯ ಪಕ್ಕದಲ್ಲಿತ್ತು, ಅದು ಅಂದಿನ ಸಂಜೆಗೆ. ಮರುದಿನದ ಸಂಜೆಗೆ ತೊಟ್ಟಿಲು. ಹೊಗೆ ನೋಡುವವನು ಬಂದು ಇಣುಕಿ ನೋಡಿದ. ಗಿಳಿಯ ತಲೆಯೊಂದನ್ನು ಬೆರಳಿನಿಂದ ಮುಟ್ಟಿದ.

“ಅದೂ ಕಟಗೀನ ಅಲ್ಲೇನು, ಯವ್ವಾ?” ಎಂದ. ಅವನೂ ಅದರಲ್ಲೇ ಮಲಗಿ ಬೆಳೆದವನು.

ಆ ಮಧ್ಯಾಹ್ನ ಸೂಲಗಿತ್ತಿ ಬಾಣಂತಿಯ ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಹೋದಳು. ಸೆರಗಿನ ಒಳಗೆ ಒಂದು ಬಟ್ಟಲು ಮುಚ್ಚಿಟ್ಟುಕೊಂಡಿದ್ದಳು. ಹೇಗಾದರೂ ಆಚೆ ದಂಡೆಗೆ ಹೋಗಬೇಕು, ಅಷ್ಟೊಂದು ಹೊಗೆ ಏಳುವ ಊರಿನಲ್ಲಿ ಒಂದು ಹಿಡಿ ಜೋಳ ಕೇಳಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ನೀರು ಎದೆಮಟ್ಟ ಇತ್ತು, ಸೆಳೆತವೂ ಇತ್ತು. ಒಗೆಯುವ ಕಲ್ಲಿನ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದಾಗ ಜೊಂಡಿನ ಮರೆಯಿಂದ ಒಂದು ದೋಣಿ ಬಂತು. ದೋಣಿಯಲ್ಲಿ ಆಚೆ ದಂಡೆಯ ಅಂಬಿಗನಿದ್ದ. ನೆರೆತ ಗಡ್ಡ, ಹೆಗಲ ಮೇಲೊಂದು ಮಾಸಿದ ವಸ್ತ್ರ.

“ಹೆದರಬ್ಯಾಡ ಯಕ್ಕಾ, ಜಗಳಾಡಾಕ ಬಂದಿಲ್ಲ,” ಎಂದ ಅವನು. “ನಿಮ್ಮೂರಾಗ ದಿನಾ ಅಷ್ಟು ಹೊಗಿ ಏಳ್ತೈತಿ. ಒಂದ್ ಹಿಡಿ ಹಿಟ್ಟ ಸಿಗತೈತೇನೋ ಕೇಳೂಣಂತ ಬಂದೆ.” ಹೆಗಲ ವಸ್ತ್ರ ಸರಿಸಿದ. ಅದರ ಕೆಳಗೆ ಒಂದು ಖಾಲಿ ಬಟ್ಟಲಿತ್ತು.

ಸೂಲಗಿತ್ತಿ ತನ್ನ ಸೆರಗು ಸರಿಸಿ ತನ್ನ ಬಟ್ಟಲು ತೋರಿಸಿದಳು. ನಗು ಬಂದುಬಿಟ್ಟಿತು, ಬಹಳ ದಿನಗಳ ಮೇಲೆ.

“ನಾ ನಿಮ್ಮೂರಿಗೆ ಬಂದು ಕೇಳಬೇಕಂತ ಕುಂತೀನಿ, ತಮ್ಮಾ.”

“ನಮ್ಮೂರಾಗ ಏನೈತಿ, ಮಣ್ಣು!”

“ಸುಳ್ಳ ಹೇಳಬ್ಯಾಡ. ನಾ ದಿನಾ ನೋಡ್ತೀನಿ ನಿಮ್ಮ ಹೊಗಿ.”

“ನಾನೂ ನಿಮ್ಮದು ದಿನಾ ನೋಡ್ತೀನಲ್ಲ.”

ಒಬ್ಬರನ್ನೊಬ್ಬರು ನಂಬಲಿಲ್ಲ. ನಂಬುವುದು ಹೇಗೆ? ಇಷ್ಟು ವರ್ಷ ಕಣ್ಣಾರೆ ಕಂಡದ್ದನ್ನು ಒಂದು ಮಾತಿಗೆ ಬಿಡಲಾಗುತ್ತದೆಯೇ? ಕೊನೆಗೆ ಅಂಬಿಗನೇ ಹೇಳಿದ: “ಬಾ, ಕಣ್ಣಿಲೇ ನೋಡಿ ಬರುವಂತಿ.” ಅವಳು ದೋಣಿ ಹತ್ತಿದಳು. ಅಲ್ಲಿ ಕಂಡದ್ದನ್ನೆಲ್ಲ ಆಮೇಲೆ ಅವಳೇ ನಮಗೆ ಹೇಳಿದಳು, ನಾವು ಕೇಳಲೊಲ್ಲೆವೆಂದರೂ ಹೇಳಿದಳು.

ಅಲ್ಲಿಯೂ ಬಾಗಿಲಿಲ್ಲದ ಬಾಗಿಲುಗಳಿದ್ದವು. ಅಲ್ಲಿಯೂ ಕೆಲವು ಹೊಸ್ತಿಲುಗಳ ಮೇಲೆ ಸುಣ್ಣದ ಗೆರೆ. ಬೇಲಿಯಿಲ್ಲ, ಗಾಡಿಯಿಲ್ಲ, ಎತ್ತಿಲ್ಲ, ಧೂಳಿತ್ತು. ಗೋಧೂಳಿಯ ಹೊತ್ತಾಯಿತು. ಒಂದು ಮನೆಯೊಳಗೆ ಹೆಂಗಸೊಬ್ಬಳು ಮಗ್ಗದ ಹಲಗೆ ಮುರಿದು ಒಲೆಗೆ ಇಡುತ್ತಿದ್ದಳು. ಒಲೆಯ ಮೇಲೆ ಮಡಕೆಯಿತ್ತು. ಸೂಲಗಿತ್ತಿ ಹೊರಗಿನಿಂದಲೇ ಕೇಳಿದಳು:

“ಏನ ಮಾಡೀಯವ್ವಾ?”

“ಹೊಗಿ,” ಎಂದಳು ಆ ಹೆಂಗಸು. ತಲೆಯೆತ್ತಿ ಕೂಡ ನೋಡಲಿಲ್ಲ.

ಅಷ್ಟರಲ್ಲಿ ಅವರ ದಿಬ್ಬದ ಮೇಲಿನಿಂದ ಒಬ್ಬ ಕೂಗಿದ: “ಅಲ್ಲಿ ಕಡಿಮೆ!” ಬಾಗಿಲಿಲ್ಲದ ಬಾಗಿಲುಗಳಿಂದ ಜನ ಹೇಳಿದರು: “ನಾವೇ ವಾಸಿ.” ಸೂಲಗಿತ್ತಿ ತಿರುಗಿ ಹೊಳೆಯ ಈಚೆ ನೋಡಿದಳು. ನಮ್ಮ ಊರು ಕಂಡಿತು. ಸೂರಿಗೊಂದರಂತೆ ಹೊಗೆ ಏಳುತ್ತಿತ್ತು, ಸಂಜೆಯ ಬೆಳಕಿನಲ್ಲಿ ಮೆಲ್ಲಗೆ, ತುಂಬಿದ ಸಂಸಾರಗಳ ಹೊಗೆಯ ಹಾಗೆ. ಅವಳ ಮನೆಯಿಂದಲೂ ಏಳುತ್ತಿತ್ತು. ಸೊಸೆ ಚೌಕಟ್ಟಿನ ತುಂಡು ಹಚ್ಚಿದ್ದಳು. ಒಂದು ಗಳಿಗೆ, ಒಂದೇ ಗಳಿಗೆ, ಆ ಮನೆಯವರು ಇವತ್ತು ಏನು ಅಡುಗೆ ಮಾಡಿರಬಹುದು ಎಂದು ಸೂಲಗಿತ್ತಿಗೆ ಅನ್ನಿಸಿತು. ಅವಳ ಬಾಯಲ್ಲಿ ನೀರೂರಿತು. ಆಮೇಲೆ ಅವಳು ನೆಲದ ಮೇಲೆ ಕುಳಿತು ಅತ್ತಳು.

ಅಂಬಿಗ ಪಕ್ಕದಲ್ಲಿ ಕುಳಿತ. ಅವನ ಮನೆ ಊರಿನ ಕೊನೆಯಲ್ಲಿ, ನೀರಿನಂಚಿಗೆ, ಒಂಟಿಯಾಗಿತ್ತು. ಅವನ ಹೆಂಡತಿ ಮಕ್ಕಳು ಯುದ್ಧದಲ್ಲಿ ಹೋಗಿದ್ದರು.

“ನಮ್ಮ ಮನ್ಯಾಗ ನಾಳಿಗೆ ತೊಟ್ಟಲದ ಪಾಳಿ,” ಎಂದಳು ಸೂಲಗಿತ್ತಿ.

“ನಂದು ದೋಣಿ.”

ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

“ನಾ ಹಚ್ಚೂದಿಲ್ಲ, ಯಕ್ಕಾ,” ಎಂದ ಅಂಬಿಗ ಕೊನೆಗೆ. “ನೀನೂ ಹಚ್ಚಬ್ಯಾಡ. ಈ ಕಡೆ ಒಂದು, ಆ ಕಡೆ ಒಂದು ಕಡಿಮಿ ಆದ್ರ ಅವರ ಲೆಕ್ಕ ಸಮಾ ಆಕ್ಕೈತಿ. ಯಾರಿಗೂ ಸೋತಂಗ ಆಗೂದಿಲ್ಲ.”

“ಮಾತೇನು?”

“ಮಾತು. ನಾಳಿ ಹೊತ್ತ ಮುಳುಗೂ ಮುಂದ ನಮ್ಮ ಮನಿ ಕಡೆ ನೋಡು. ಹೊಗಿ ಇಲ್ಲಂದ್ರ ದೋಣಿ ಉಳದೈತಿ ಅಂತ ತಿಳಕೋ.”

ಅವಳು ಸೊಸೆಯ ವಿಷಯ ಹೇಳಿದಳು, ಹಾಲಿಲ್ಲದ್ದನ್ನು ಹೇಳಿದಳು, ಅಳು ಸಣ್ಣದಾಗುತ್ತಿರುವುದನ್ನು ಹೇಳಿದಳು. ಅವನ ಹತ್ತಿರ ಕೊಡಲು ಏನೂ ಇರಲಿಲ್ಲ. ಅವಳನ್ನು ದೋಣಿಯಲ್ಲಿ ಕೂರಿಸಿ ಈಚೆ ದಂಡೆಗೆ ಬಿಟ್ಟುಹೋದ.

ಮರುದಿನ ಸಂಜೆಯಾಯಿತು. ಊರಿನ ಒಲೆಗಳೆಲ್ಲ ಹೊಗೆಯಾಡಿದವು. ಸೂಲಗಿತ್ತಿಯ ಮನೆಯ ಸೂರು ಬರಿದಾಗಿತ್ತು. ಸೊಸೆ ಹೆದರಿದಳು. “ಅತ್ತೀ, ಗೆರಿ ಎಳೀತಾರ. ನೀರ ಕೊಡೂದಿಲ್ಲ.” ಸೂಲಗಿತ್ತಿ ತೊಟ್ಟಿಲ ಹಗ್ಗ ಹಿಡಿದು ತೂಗುತ್ತ, “ಸುಮ್ನಿರವ್ವಾ, ಆ ಕಡಿಂದು ಮಾತು ಬಂದೈತಿ,” ಎಂದಳು.

ಹೊಗೆ ನೋಡುವವನು ದಿಬ್ಬ ಇಳಿದು ಬಂದ. ಕೈಯಲ್ಲಿ ಸುಣ್ಣದ ಗಡಿಗೆಯಿತ್ತು.

“ಗೆರಿ ಆಮ್ಯಾಲ ಎಳೀವಂತಿ,” ಎಂದಳು ಅವಳು. “ಮದಲ ಅಲ್ಲಿ ನೋಡು. ಆ ತುದೀ ಮನಿ ನೋಡು.”

ಅವನು ನೋಡಿದ. ನಾವೂ ಬಾಗಿಲುಗಳಿಂದ ನೋಡಿದೆವು. ನೀರಿನಂಚಿನ ಒಂಟಿ ಮನೆಯ ಮೇಲೆ ಹೊಗೆಯಿರಲಿಲ್ಲ. ಅಲ್ಲಿ ಒಂದು ಇಲ್ಲ, ಇಲ್ಲಿ ಒಂದು ಇಲ್ಲ. ಹೊಗೆ ನೋಡುವವನ ಬಾಯಿ ತೆರೆಯಿತು, ಏನು ಕೂಗಬೇಕೆಂದು ತಿಳಿಯದೆ ಮುಚ್ಚಿತು. ಅಂಥ ಸಂಜೆ ನಮ್ಮ ಊರು ಕಂಡಿರಲಿಲ್ಲ. ಯಾರೂ ಕಡಿಮೆಯಿಲ್ಲ, ಯಾರೂ ವಾಸಿಯಿಲ್ಲ. ನಮಗೆ ಭಯವಾಯಿತು, ಆದರೂ ಹೆಗಲ ಮೇಲಿನ ಭಾರ ಇಳಿಸಿದ ಹಾಗೂ ಆಯಿತು. ಅವನು ಸುಣ್ಣದ ಗಡಿಗೆಯನ್ನು ಕೆಳಗಿಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗಿ ಲೆಕ್ಕ ಮುಗಿದುಹೋಗುತ್ತಿತ್ತು.

ಆಗ ಅಲ್ಲಿ ಹೊಗೆ ಎದ್ದಿತು. ತುದಿಯ ಮನೆಯಿಂದಲೇ. ತೆಳ್ಳಗೆ, ನೀಲಿಯಾಗಿ, ಒಂದೇ ಎಳೆ, ನೆಟ್ಟಗೆ ಮೇಲಕ್ಕೆ ಹೋಯಿತು.

ಸೂಲಗಿತ್ತಿ ಅದನ್ನು ಬಹಳ ಹೊತ್ತು ನೋಡಿದಳು. ಅಂಬಿಗ ದೋಣಿ ಸುಟ್ಟ. ಮಾತು ಕೊಟ್ಟವನು ಮೊದಲು ಹಚ್ಚಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದು ಬೈದು, ಅತ್ತು ಅತ್ತು ದಣಿದ ಊರು ನಮ್ಮದು. ಹೊಗೆ ನೋಡುವವನು ಗಡಿಗೆಯನ್ನು ಮತ್ತೆ ಎತ್ತಿಕೊಂಡ. ಅವಳು ಒಳಗೆ ಹೋಗಿ ಕೂಸನ್ನು ಎತ್ತಿ ಸೊಸೆಯ ತೊಡೆಯ ಮೇಲಿಟ್ಟಳು, ತೊಟ್ಟಿಲನ್ನು ಹಗ್ಗದಿಂದ ಬಿಚ್ಚಿದಳು, ಒಲೆಯ ಮುಂದಿಟ್ಟು ಕಲ್ಲಿನಿಂದ ಒಡೆದಳು. ಹಳೆಯ ಮರ, ಬೇಗ ಹತ್ತಿತು. ಗಿಳಿಗಳ ಮೈಯಲ್ಲಿ ಅಲ್ಲಲ್ಲಿ ಉಳಿದಿದ್ದ ಅರಗು ಕರಗಿ ದಟ್ಟವಾದ ಕಪ್ಪು ಹೊಗೆ ಎದ್ದಿತು. ಅಷ್ಟು ಒಳ್ಳೆಯ ಹೊಗೆ ನಮ್ಮೂರಿನಲ್ಲಿ ಎಂದೂ ಎದ್ದಿರಲಿಲ್ಲ.

“ಅಲ್ಲಿ ಕಡಿಮೆ!” ಎಂದು ಹೊಗೆ ನೋಡುವವನು ಕೂಗಿದ. ಅವನ ದನಿ ಒಡೆದಿತ್ತು.

“ನಾವೇ ವಾಸಿ,” ಎಂದೆವು ನಾವು.

ಬೆಳಗ್ಗೆ ಸೂಲಗಿತ್ತಿ ಬಟ್ಟೆಯ ಗಂಟು ಹಿಡಿದು ಹೊಳೆಗೆ ಹೋದಳು. ಒಗೆಯುವ ಕಲ್ಲಿಗೆ ಒಂದು ದೋಣಿ ಕಟ್ಟಿತ್ತು. ಅವಳು ನಿಂತಲ್ಲೇ ನಿಂತಳು. ದೋಣಿಯಿಂದ ಅಂಬಿಗ ಇಳಿದ. ಮೈಯೆಲ್ಲ ಒದ್ದೆಯಾಗಿತ್ತು. ಹೆಗಲ ವಸ್ತ್ರದಲ್ಲಿ ಸುತ್ತಿದ ಒಂದು ಮಡಕೆಯನ್ನು ಎದೆಗೆ ಅವುಚಿಕೊಂಡಿದ್ದ.

“ತಡಾ ಆತು, ಯಕ್ಕಾ,” ಎಂದ. “ಕೈಯಾಗ ಒಂದ ಹುಟ್ಟು. ದೋಣಿ ಬರೇ ಸುತ್ತಾಕತೈತಿ. ಹೊಳಿ ಎಳಕೊಂಡ ಹೋಗಿತ್ತು, ಅಲ್ಲಿಂದ ದಂಡಿ ಹಿಡದು ಜಗ್ಗಿಕೋತ ಬಂದೆ.”

“ನಿನ್ನೆ ನಿನ್ನ ಮನ್ಯಾಗ ಹೊಗಿ ಎದ್ದಿತ್ತು,” ಎಂದಳು ಅವಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸಿದ. ಆಮೇಲೆ ಮುಖ ಅರಳಿತು.

“ಅದು ಹೊಗಿ ಅಲ್ಲ, ಯಕ್ಕಾ. ಅಡಗಿ!”

ಸುಡಬಾರದೆಂದ ಮೇಲೆ ದೋಣಿಯನ್ನು ರಿಪೇರಿಯಾದರೂ ಮಾಡೋಣ ಎಂದು ದಂಡೆಗೆ ಎಳೆದಿದ್ದನಂತೆ. ಒಂದು ಕಾಲದಲ್ಲಿ ಅದೇ ದೋಣಿಯಲ್ಲಿ ಎರಡು ನಾಡಿನ ಜೋಳದ ಚೀಲಗಳೂ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಹೋಗುತ್ತಿದ್ದವು. ಮೂತಿಯ ಕಡೆಯ ಹಲಗೆ ಎಬ್ಬಿಸಿ ನೋಡಿದರೆ ಸಂದಿನಲ್ಲಿ ಹಳೆಯ ಕಾಳು. ನೀರು ತಾಗದ ಜಾಗ. ಕಡ್ಡಿಯಿಂದ ಕೆದಕಿ ಕೆದಕಿ ತೆಗೆದ. ಅರ್ಧ ಹುಳ ತಿಂದಿತ್ತು, ಅರ್ಧ ಇತ್ತು. ಈಚೆಯದೋ ಆಚೆಯದೋ ಯಾರಿಗೆ ಗೊತ್ತು. ಕುಟ್ಟಿ ಅಂಬಲಿ ಕಾಸಿದ. ಉರಿಗೆ ಏನೂ ಇರಲಿಲ್ಲ, ಎರಡು ಹುಟ್ಟುಗಳಲ್ಲಿ ಒಂದನ್ನು ಸೀಳಿದ. ಬಾಣಂತಿಗೆ ಮುಟ್ಟಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಅಡುಗೆ ಮಾಡಿದರೂ ಹೊಗೆ ಏಳುತ್ತದೆ ಎಂಬುದನ್ನು ಅವನು ಮರೆತಿದ್ದ. ಅವನನ್ನು ಏನೆಂದು ದೂರುವುದು? ಅದು ಅಡುಗೆಯ ಹೊಗೆಯಿರಬಹುದೆಂದು ಈಚೆ ದಂಡೆಯಲ್ಲಿ ನಿಂತು ನೋಡಿದ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

“ತೊಟ್ಟಲಾ ಉಳೀತಲ್ಲ?” ಎಂದು ಅಂಬಿಗ ಕೇಳಿದ.

ಸೂಲಗಿತ್ತಿ ಕೈ ಚಾಚಿದಳು. ಮಡಕೆಯನ್ನು ಮುಟ್ಟಿ ನೋಡಿದಳು. ಕೈಗೆ ತಣ್ಣಗೆ ತಾಗಿತು.

“ಆರಿ ಹೋಗೇತಿ,” ಎಂದ ಅವನು. “ಹಸೀ ಬಾಣಂತಿಗೆ ತಣ್ಣಂದು ಕುಡಸಬಾರದು. ಮನ್ಯಾಗ ಕೆಂಡ ಐತೇನು?”

“ಐತಿ,” ಎಂದಳು ಅವಳು.

ಅವನನ್ನು ಮನೆಗೆ ಕರೆದುಕೊಂಡು ಬಂದಳು. ಆಚೆಯವನೊಬ್ಬ ಊರೊಳಗೆ ನಡೆದು ಬರುವುದನ್ನು ನಾವು ಬಾಗಿಲುಗಳಲ್ಲಿ ನಿಂತು ನೋಡಿದೆವು, ಯಾರೂ ತಡೆಯಲಿಲ್ಲ. ತಡೆಯುವುದಕ್ಕೂ ಶಕ್ತಿ ಬೇಕು. ಸೂಲಗಿತ್ತಿ ಒಲೆಯ ಬೂದಿ ಕೆದರಿದಳು. ಕೆಳಗೆ ಕೆಂಡವಿತ್ತು, ಒಳ್ಳೆಯ ಗಟ್ಟಿ ಮರದ ಕೆಂಡ. ಅದರ ನಡುವೆ ಪೂರ್ತಿ ಸುಡದ ಗಿಳಿಯ ತಲೆಯೊಂದಿತ್ತು. ಅಂಬಿಗ ಅದನ್ನು ನೋಡಿದ, ತೂಗುಹಗ್ಗ ಬರಿದಾಗಿ ಇಳಿಬಿದ್ದದ್ದನ್ನು ನೋಡಿದ. ಗೋಡೆಗೆ ಒರಗಿ ಮೆಲ್ಲಗೆ ಕುಳಿತ. ಅವಳು ಅವನ ಕಡೆ ನೋಡಲಿಲ್ಲ. ಮಡಕೆಯನ್ನು ಕೆಂಡದ ಮೇಲಿಟ್ಟಳು.

ಅಂಬಲಿ ಬಿಸಿಯಾಯಿತು. ಅದರ ವಾಸನೆ ಬಾಗಿಲಿಲ್ಲದ ಮನೆಯಿಂದ ಬೀದಿಗೆ ಬಂತು, ನಾವು ಕಣ್ಣು ಮುಚ್ಚಿಕೊಂಡು ನಿಂತೆವು. ಸೊಸೆ ಕುಡಿದಳು. ಸೂಲಗಿತ್ತಿ ಬಟ್ಟಲು ಬಟ್ಟಲಾಗಿ ಬಗ್ಗಿಸಿ ಕೊಟ್ಟಳು, ಕೊನೆಗೆ ಮಡಕೆಯ ತಳಕ್ಕೆ ನೀರು ಹಾಕಿ ಅದನ್ನೂ ಕುಡಿಸಿದಳು. ಕೆಂಡಕ್ಕೆ ಹೊಗೆಯಿಲ್ಲ. ನಮ್ಮ ಊರಿನಲ್ಲಿ ಅಷ್ಟು ಕಾಲದ ಮೇಲೆ ಒಬ್ಬಳು ಬಿಸಿಯಾಗಿ ಉಂಡಳು, ದಿಬ್ಬದ ಮೇಲೆ ಈಚೆಯವನಿಗೂ ಅದು ಕಾಣಲಿಲ್ಲ, ಆಚೆಯವನಿಗೂ ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಲು ಬಂತು. ಕೂಸು ಕುಡಿಯುತ್ತ ಕುಡಿಯುತ್ತ ನಿದ್ದೆ ಹೋಯಿತು. ಮಲಗಿಸಲು ಬೇರೆ ಜಾಗವಿರಲಿಲ್ಲ, ಸೊಸೆ ಅದನ್ನು ಸಂಜೆಯವರೆಗೂ ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತಿದ್ದಳು.